ರಹದಾರಿಯ ಬಾಕಿ

ಉರ್ದುವಿನಲ್ಲಿ 'ರಾಹ್‌ದಾರಿ' ಎಂದರೆ ದಾರಿಯ ಸುಂಕ. ಓಡಾಡಲು ಸಿಗುವ ಪರವಾನಗಿಯೂ ಅದೇ, ಈಗಿನ ಬಳಕೆಯಲ್ಲಿ ಕಾರಿಡಾರ್ ಕೂಡ ಅದೇ. ಕನ್ನಡಕ್ಕೆ ಬರುವಾಗ ಈ ಪದ ಮುಖ್ಯವಾಗಿ ಪರವಾನಗಿಯ ಅರ್ಥವನ್ನು ಹೊತ್ತು 'ರಹದಾರಿ'ಯಾಯಿತು. ಬೆಂಗಳೂರಿನ ನೈಸ್ ರಸ್ತೆಯಲ್ಲಿ ಮಾತ್ರ ಮೂರು ಅರ್ಥಗಳೂ ಒಟ್ಟಿಗೆ ಎದುರಾಗುತ್ತವೆ. ಕಂಪನಿಯ ಹೆಸರಿನಲ್ಲೇ ಕಾರಿಡಾರ್ ಇದೆ. ಸುಂಕ ಕೊಟ್ಟರೆ ಪರವಾನಗಿ.

ತುಮಕೂರು ರಸ್ತೆಯಿಂದ ಹೊರಟು ಮಾಗಡಿ, ಮೈಸೂರು, ಕನಕಪುರ, ಬನ್ನೇರುಘಟ್ಟ ರಸ್ತೆಗಳನ್ನು ದಾಟಿ ಹೊಸೂರು ರಸ್ತೆ ಸೇರುವ ಈ ಹೊರವರ್ತುಲ ಸುಮಾರು 41 ಕಿ.ಮೀ. ಉದ್ದವಿದೆ. 1997ರ ಒಪ್ಪಂದದಲ್ಲಿ ಇದು ಒಂದು ತುಂಡು ಮಾತ್ರ. ಮೈಸೂರಿನವರೆಗೆ 111 ಕಿ.ಮೀ. ಹೆದ್ದಾರಿ, ಐದು ಉಪನಗರ, 20,193 ಎಕರೆ ಜಮೀನು ಎಂಬ ಲೆಕ್ಕ ಅದರಲ್ಲಿತ್ತು. ಹೆಚ್ಚಾಗಿ ಕೈಗೆ ಸಿಕ್ಕಿದ್ದು ಈ ವರ್ತುಲ ಮತ್ತು ಒಂದು ಕೂಡುರಸ್ತೆ.

ಟೋಲ್ ಎಂಬುದೇ ತಪ್ಪೆಂದು ನಾವು ಹೇಳುವುದಿಲ್ಲ. ಪುಣೆಯ ಕಡೆಯಿಂದ ಬಂದ ಲಾರಿ ಊರೊಳಗೆ ನುಗ್ಗದೆ ಹೊಸೂರಿಗೆ ಹೋಗುವುದಾದರೆ ನಗರಕ್ಕೂ ಒಳ್ಳೆಯದೇ. ಆ ರಸ್ತೆಯನ್ನು ಕಾಣದ ಬೀದರಿನ ರೈತನ ತೆರಿಗೆಯಿಂದ ಅದನ್ನು ಕಟ್ಟುವುದಕ್ಕಿಂತ ಬಳಸಿದವನೇ ಕೊಡಲಿ ಎಂಬುದರಲ್ಲಿ ನ್ಯಾಯವಿದೆ. ನಮ್ಮನ್ನು ಕಾಡುವುದು ಬೇರೆ ಪ್ರಶ್ನೆ: ಒಂದೇ ರಸ್ತೆಯ ಲೆಕ್ಕದಲ್ಲಿ ಯಾರು ತಕ್ಷಣ ಕೊಡಬೇಕು, ಯಾರನ್ನು ಕಾಯಿಸಬಹುದು?

ಗೊಟ್ಟಿಗೆರೆಯಲ್ಲಿ ಕೆಲವರು 1995ರಿಂದ 1997ರ ನಡುವೆ ನಿವೇಶನಗಳನ್ನು ಕೊಂಡಿದ್ದರು. 2003ರ ಜನವರಿಯಲ್ಲಿ ಈ ಯೋಜನೆಗಾಗಿ ಭೂಸ್ವಾಧೀನದ ಅಧಿಸೂಚನೆ ಹೊರಟಿತು. 2005ರ ನವೆಂಬರಿನಲ್ಲಿ ಜಾಗ ಹೋಯಿತು. ಪರಿಹಾರದ ಆದೇಶ ಬಂದದ್ದು 2019ರ ಏಪ್ರಿಲಿನಲ್ಲಿ, ಅದೂ 2011ರ ದರದಲ್ಲಿ. 2025ರ ಜನವರಿ 2ರಂದು ಸುಪ್ರೀಂ ಕೋರ್ಟು ಈ ವಿಳಂಬ ಭೂಮಾಲೀಕರದ್ದಲ್ಲ, ಅಧಿಕಾರಿಗಳದ್ದು ಎಂದು ಕಂಡು, 2019ರ ಏಪ್ರಿಲಿನ ಮಾರುಕಟ್ಟೆ ದರದಂತೆ ಪರಿಹಾರ ಲೆಕ್ಕ ಹಾಕಲು ಹೇಳಿತು. ಅಷ್ಟು ಹೊತ್ತಿಗೆ ಇಪ್ಪತ್ತೆರಡು ವರ್ಷ ಕಳೆದಿತ್ತು.

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಡಾವಣೆಯೇ ಇದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಟೋಲ್ ಗೇಟಿನಲ್ಲಿ ನಿಂತು, 2011ರ ದರದಲ್ಲಿ ಕೊಡುತ್ತೇನೆ, ಅದೂ ಹದಿನಾಲ್ಕು ವರ್ಷದ ನಂತರ ಎಂದು ಯಾರಾದರೂ ಹೇಳಿ ನೋಡಲಿ! ಹಿಂದಿನ ವಾಹನಗಳ ಹಾರನ್ನೇ ಉತ್ತರ ಕೊಡುತ್ತದೆ.

ತಡವಾದರೂ ಹಣ ಬಂತಲ್ಲ ಎನ್ನುವವರಿದ್ದಾರೆ. ಆದರೆ ನಿವೇಶನ ಕಳೆದುಕೊಂಡವನು ಆಗಲೇ ಹಣ ಪಡೆದಿದ್ದರೆ ಹತ್ತಿರದಲ್ಲೇ ಇನ್ನೊಂದು ಜಾಗ ನೋಡಬಹುದಿತ್ತು. ರಸ್ತೆ ಬಂದ ಮೇಲೆ ಸುತ್ತಲಿನ ಬೆಲೆ ಏರಿತು. ಅವನ ನೆಲವೇ ಅವನಿಗೆ ನೆಲವನ್ನು ದುಬಾರಿ ಮಾಡಿತು.

ಈ ಬಾಕಿಯಲ್ಲಿ ಸರ್ಕಾರದ ಪಾಲೆಷ್ಟು, ಮಂಡಳಿಯದೆಷ್ಟು, ಕಂಪನಿಯದೆಷ್ಟು ಎಂಬುದು ಕೋರ್ಟಿನ ಕೆಲಸ. ಆದರೆ ಟೋಲ್ ಕೊಟ್ಟೊಡನೆ ನಮ್ಮ ಪಾಲು ತೀರಿತೆಂದು ನಾವು ನಂಬುತ್ತೇವಲ್ಲ, ಅದು ಅಷ್ಟು ಸುಲಭವೆ? ಜಮೀನು ಕಿತ್ತುಕೊಂಡವರು ನಾವಲ್ಲ, ನಿಜ. ಆದರೆ ನಾವು ಉಳಿಸಿಕೊಂಡ ಅರ್ಧ ಗಂಟೆ ಆ ನೆಲದ ಮೇಲೆಯೇ ಉಳಿದದ್ದು. ಅದಕ್ಕೆ 'ಸಾರ್ವಜನಿಕ ಉದ್ದೇಶ' ಎಂಬ ಹೆಸರಿದೆ, ಆ ಸಾರ್ವಜನಿಕರು ನಾವೇ.

ಇನ್ನೊಂದು ಮಾತು. ಆ ತೀರ್ಪು ಬಂದದ್ದು ಕೋರ್ಟಿನವರೆಗೆ ಹೋದವರಿಗೆ. ವಕೀಲರ ಫೀಸು ಹೊಂದಿಸಲಾಗದೆ ಅರ್ಧ ದಾರಿಯಲ್ಲೇ ಸುಮ್ಮನಾದವರಿದ್ದರೆ, ಅವರ 2019 ಯಾವಾಗ ಬರುತ್ತದೆ?