ಆಮೆಯ ನೆನಪು, ನಮ್ಮ ಹೊಣೆ

ನಮ್ಮ ಕಥೆಗಳು ಆಮೆಗೆ ತಾಳ್ಮೆಯನ್ನು ಧಾರಾಳವಾಗಿ ಕೊಟ್ಟಿವೆ, ಬುದ್ಧಿಯನ್ನು ಕೊಟ್ಟಿಲ್ಲ. ಮೊಲದೊಡನೆ ಪಂದ್ಯ ಕಟ್ಟಿದ ಆಮೆ ಗೆದ್ದದ್ದು ಮೊಲ ಮಲಗಿಬಿಟ್ಟಿತೆಂದು. ಪಂಚತಂತ್ರದ ಆಮೆ ಹಂಸಗಳು ಹೊತ್ತ ಕೋಲನ್ನು ಕಚ್ಚಿ ಹಾರುವಾಗ ಬಾಯಿ ತೆರೆದು ಬಿದ್ದು ಸತ್ತಿತು. ಭಗವದ್ಗೀತೆಯಲ್ಲಿ ಸ್ಥಿತಪ್ರಜ್ಞನಿಗೆ ಆಮೆಯ ಹೋಲಿಕೆ ಸಿಗುತ್ತದೆ, ಆದರೆ ಅಲ್ಲಿ ಮೆಚ್ಚುಗೆಗೆ ಪಾತ್ರವಾಗಿರುವುದು ಅಂಗಗಳನ್ನು ಒಳಗೆಳೆದುಕೊಳ್ಳುವ ಗುಣವೇ ಹೊರತು ಹೊರಗಿನದನ್ನು ಅರಿಯುವ ಗುಣವಲ್ಲ. ಕಡತ ಮುಂದೆ ಹೋಗದಿದ್ದರೆ ಆಮೆಗತಿ ಎನ್ನುತ್ತೇವೆ. ನಿಧಾನವಾದದ್ದು ಮಂದವೂ ಆಗಿರಬೇಕೆಂಬ ಈ ಎಣಿಕೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ವಿಜ್ಞಾನಿಗಳು ಕೂಡ ಬಹುಕಾಲ ಅದನ್ನು ಪ್ರಶ್ನಿಸಲಿಲ್ಲ. ಕಳೆದ ಎರಡು ದಶಕಗಳಲ್ಲಿ ಆಮೆಗಳಿಗೆ ಕೊಟ್ಟ ತರಬೇತಿ, ಮಾಡಿದ ಪರೀಕ್ಷೆಗಳು ಬೇರೆಯದೇ ಚಿತ್ರ ಕೊಡುತ್ತಿವೆ. ಆಮೆ ದಡ್ಡ ಎಂಬ ತೀರ್ಪು ಬಂದದ್ದು ಆಮೆಯ ಕೊರತೆಯಿಂದಲ್ಲ, ನಮ್ಮ ಪರೀಕ್ಷೆಯ ಕೊರತೆಯಿಂದ ಎಂಬುದು ನನ್ನ ವಾದ. ಈ ತೀರ್ಪು ತಪ್ಪಾದರೆ ಆಮೆಯನ್ನು ಮನೆಯಲ್ಲಿಟ್ಟು ಸಾಕುವ ನಮ್ಮ ಪದ್ಧತಿಯೂ ಪ್ರಶ್ನೆಗೆ ಒಳಗಾಗುತ್ತದೆ.

ಆರಂಭ ಚೆನ್ನಾಗಿಯೇ ಆಗಿತ್ತು. 1901ರಲ್ಲಿ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಯರ್ಕ್ಸ್ ಚುಕ್ಕೆಗಳ ಒಂದು ಸಣ್ಣ ಆಮೆಯನ್ನು ಅಡ್ಡಗೋಡೆಗಳಿದ್ದ ಪೆಟ್ಟಿಗೆಯೊಳಗೆ ಬಿಟ್ಟರು. ಚಕ್ರವ್ಯೂಹದ ಕೊನೆಯಲ್ಲಿ ಒದ್ದೆ ಹುಲ್ಲಿನ ಕತ್ತಲ ಗೂಡಿತ್ತು. ಮೊದಲ ಸಲ ಅಲೆದಾಡಿ ಗೂಡು ಸೇರಲು ಆಮೆಗೆ 35 ನಿಮಿಷ ಬೇಕಾಯಿತು. ಎರಡನೆಯ ಸಲಕ್ಕೆ ಅದು 15 ನಿಮಿಷಕ್ಕಿಳಿಯಿತು, ಆಮೇಲೆ ಕೆಲವೇ ನಿಮಿಷಗಳಿಗೆ. ಇದನ್ನು ಮುಂದುವರಿಸಬಹುದಿತ್ತು. ಆದರೆ ಇಪ್ಪತ್ತನೆಯ ಶತಮಾನದ ಬಹುಪಾಲು ಪ್ರಯೋಗಾಲಯಗಳು ಇಲಿ ಮತ್ತು ಪಾರಿವಾಳಗಳ ಕಡೆ ತಿರುಗಿದವು. ಸರೀಸೃಪಗಳನ್ನು ಪರೀಕ್ಷಿಸಿದಾಗಲೂ ಇಲಿಗೆ ಹೊಂದುವ ಏರ್ಪಾಟನ್ನೇ ಅವುಗಳ ಮೇಲೆ ಹೇರಿದ್ದೇ ಹೆಚ್ಚು. ಆಮೆ ತನ್ನ ಮೈಬಿಸಿಯನ್ನು ಬಿಸಿಲಿನಿಂದ ಪಡೆಯುವ ಪ್ರಾಣಿ. ಮನುಷ್ಯರಿಗೆ ಹಿತವಾದ ತಂಪು ಕೋಣೆಯಲ್ಲಿ ಅದರ ಸ್ನಾಯು, ಹಸಿವು, ಗಮನ ಎಲ್ಲವೂ ಕುಗ್ಗುತ್ತವೆ. ಇಲಿಯಂತೆ ಅದಕ್ಕೆ ಗಂಟೆ ಗಂಟೆಗೂ ಹಸಿವಾಗುವುದಿಲ್ಲವಾದ್ದರಿಂದ ಆಹಾರದ ಆಸೆ ತೋರಿಸಿ ಅವಸರಪಡಿಸಲೂ ಆಗದು. ವಿದ್ಯುತ್ತಿನ ಪೆಟ್ಟು ಕೊಟ್ಟರೆ ಇಲಿ ಓಡುತ್ತದೆ, ಆಮೆ ಚಿಪ್ಪಿನೊಳಗೆ ಸೇರಿ ಸ್ತಬ್ಧವಾಗುತ್ತದೆ. ಅಪಾಯಕ್ಕೆ ಅದರ ಮೈ ಕಂಡುಕೊಂಡಿರುವ ಸರಿಯಾದ ಉತ್ತರವೇ ಅದು. ಪರೀಕ್ಷಕರು ಮಾತ್ರ ಅದನ್ನು ಉತ್ತರವೇ ಇಲ್ಲವೆಂದು ಬರೆದುಕೊಂಡರು. ಅಮೆರಿಕದ ಗಾರ್ಡನ್ ಬರ್ಗಾರ್ಟ್ ಅವರಂಥ ಸರೀಸೃಪ ತಜ್ಞರು ಈ ದೋಷವನ್ನು ದಶಕಗಳ ಹಿಂದೆಯೇ ಎತ್ತಿ ತೋರಿಸಿದ್ದರು.

ಪರೀಕ್ಷೆಯ ರೀತಿ ಬದಲಾದಾಗ ಏನಾಯಿತೆಂಬುದಕ್ಕೆ ವಿಯೆನ್ನಾ ಮತ್ತು ಜ್ಯೂರಿಕ್ ಮೃಗಾಲಯಗಳ ದೈತ್ಯ ಆಮೆಗಳು ಒಳ್ಳೆಯ ಉದಾಹರಣೆ. ಅಲ್ಡಾಬ್ರಾ ಮತ್ತು ಗ್ಯಾಲಪಗೋಸ್ ದ್ವೀಪಗಳ ಮೂಲದ ಇವುಗಳಿಗೆ ತಮಾರ್ ಗುಟ್ನಿಕ್, ಮೈಕೆಲ್ ಕುಬಾ ಮೊದಲಾದವರು ಕೋಲಿನ ತುದಿಗೆ ಸಿಕ್ಕಿಸಿದ ಬಣ್ಣದ ಚೆಂಡನ್ನು ಕಚ್ಚಲು ಕಲಿಸಿದರು. ಇಂಥ ತರಬೇತಿಯ ಹೆಜ್ಜೆಗಳನ್ನು ಹತ್ತಿರದಿಂದ ನೋಡಬೇಕು. ಚೆಂಡನ್ನು ಆಮೆಯ ಕಣ್ಣಿಗೆ ಬೀಳುವಂತೆ ಹಿಡಿದು, ಅದು ಕತ್ತು ಚಾಚಿ ನೋಡಿದರೆ ಸಾಕು, ಒಂದು ತುಂಡು ಕ್ಯಾರೆಟ್ ಅಥವಾ ಬೀಟ್‌ರೂಟ್ ಕೊಡಬೇಕು. ಆಮೇಲೆ ಚೆಂಡನ್ನು ಕೊಂಚ ದೂರ ಸರಿಸಿ, ಒಂದು ಹೆಜ್ಜೆ ಮುಂದೆ ಬಂದರೆ ಮಾತ್ರ ತುಂಡು. ಆಮೇಲೆ ಮೂಗು ತಾಗಿಸಿದರೆ, ಕೊನೆಗೆ ಕಚ್ಚಿದರೆ. ಒಂದು ಹೆಜ್ಜೆ ಗಟ್ಟಿಯಾಗದೆ ಮುಂದಿನದಕ್ಕೆ ಹೋಗುವಂತಿಲ್ಲ. ಬಲವಂತಕ್ಕೆ ಇಲ್ಲಿ ಎಡೆಯೇ ಇಲ್ಲ, ಏಕೆಂದರೆ ಆಮೆಗೆ ಬೇಡವೆನಿಸಿದರೆ ಅದು ತಿರುಗಿ ಹೊರಟುಬಿಡುತ್ತದೆ. ಕಾಯುವುದನ್ನು ಕಲಿಯಬೇಕಾದವರು ಮನುಷ್ಯರೇ. ಆ ಆಮೆಗಳು ಚೆಂಡು ಕಚ್ಚುವುದನ್ನು ಕಲಿತದ್ದಲ್ಲದೆ, ಎರಡು ಬಣ್ಣದ ಚೆಂಡುಗಳಲ್ಲಿ ತಮ್ಮದು ಯಾವುದೆಂದು ಗುರುತಿಸುವುದನ್ನೂ ಕಲಿತವು. ಗುಂಪಿನಲ್ಲಿ ಕಲಿತವು ಒಂಟಿಯಾಗಿ ಕಲಿತವುಗಳಿಗಿಂತ ಬೇಗ ಕಲಿತವು. ಮೂರು ತಿಂಗಳ ಬಿಡುವಿನ ನಂತರವೂ ಪಾಠ ಮರೆತಿರಲಿಲ್ಲ. ಅವುಗಳಲ್ಲಿ ಮೂರನ್ನು 9 ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗಲೂ ಚೆಂಡು ಕಂಡರೆ ಏನು ಮಾಡಬೇಕೆಂಬುದು ಅವುಗಳಿಗೆ ನೆನಪಿತ್ತು.

ಇದಕ್ಕೆ ಏಳುವ ಮೊದಲ ಆಕ್ಷೇಪ ನ್ಯಾಯವಾದದ್ದೇ. ಚೆಂಡಿಗೂ ತಿಂಡಿಗೂ ಗಂಟು ಹಾಕಿಕೊಳ್ಳುವುದು ಬುದ್ಧಿಯಲ್ಲ, ಅಭ್ಯಾಸಬಲ. ಜೇನುನೊಣವೂ ಬಣ್ಣಕ್ಕೂ ಸಿಹಿಗೂ ನಂಟು ಕಲ್ಪಿಸಿಕೊಳ್ಳುತ್ತದೆ. ಹಾಗಾದರೆ ಅಭ್ಯಾಸಬಲದಿಂದ ವಿವರಿಸಲಾಗದ ನಡವಳಿಕೆ ಆಮೆಯಲ್ಲಿದೆಯೇ ಎಂದು ನೋಡಬೇಕು. ಇಂಗ್ಲೆಂಡಿನ ಆ್ಯನಾ ವಿಲ್ಕಿನ್ಸನ್ ಮತ್ತು ಸಂಗಡಿಗರು ಮೋಸೆಸ್ ಎಂಬ ಕೆಂಪುಕಾಲಿನ ಆಮೆಯನ್ನು ಎಂಟು ಓಣಿಗಳು ನಡುವಿನಿಂದ ಕವಲೊಡೆಯುವ ಚಕ್ರವ್ಯೂಹಕ್ಕೆ ಬಿಟ್ಟರು. ಪ್ರತಿ ಓಣಿಯ ತುದಿಯಲ್ಲೂ ಒಂದು ತುತ್ತು ಆಹಾರ. ಒಮ್ಮೆ ತಿಂದ ಓಣಿಯಲ್ಲಿ ಮತ್ತೆ ಆಹಾರ ಸಿಗದು, ಆದ್ದರಿಂದ ಎಲ್ಲಿಗೆ ಹೋಗಿ ಬಂದೆನೆಂಬುದನ್ನು ನೆನಪಿಟ್ಟುಕೊಳ್ಳಬೇಕು. ಮೋಸೆಸ್ ಆಕಸ್ಮಿಕವೆನ್ನಲಾಗದಷ್ಟು ಚೆನ್ನಾಗಿ ಇದನ್ನು ನಿಭಾಯಿಸಿತು, ಅದೂ ಕೋಣೆಯ ಸುತ್ತಲಿನ ಗುರುತುಗಳನ್ನು ಆಧಾರವಾಗಿಟ್ಟುಕೊಂಡು. ನನ್ನ ಮಟ್ಟಿಗೆ ಹೆಚ್ಚಿನ ಮಾತು ಇದರ ನಂತರದ್ದು. ಪರದೆ ಕಟ್ಟಿ ಗುರುತುಗಳನ್ನು ಮರೆಮಾಡಿದಾಗ ಆಮೆ ಕಂಗೆಡಲಿಲ್ಲ. ಒಂದು ಓಣಿಯಿಂದ ಬಂದೊಡನೆ ಅದರ ಪಕ್ಕದ ಓಣಿಗೆ ಹೋಗುವ ಕ್ರಮವನ್ನು ಹಿಡಿಯಿತು. ಗುರುತುಗಳು ಕಾಣುತ್ತಿದ್ದಾಗ ಈ ಕ್ರಮವನ್ನು ಅದು ಬಳಸಿರಲಿಲ್ಲ. ಒಂದು ದಾರಿ ಮುಚ್ಚಿದಾಗ ಬೇರೊಂದು ದಾರಿ ಹಿಡಿಯುವುದು, ಕೈಯಲ್ಲಿರುವ ಸುಳಿವಿಗೆ ತಕ್ಕಂತೆ ಉಪಾಯ ಬದಲಿಸುವುದು ಬರೀ ಅಭ್ಯಾಸಬಲದ ಕೆಲಸವಲ್ಲ.

ಇನ್ನೂ ಬಲವಾದ ಸಾಕ್ಷ್ಯ ಇದೇ ತಂಡದ 2010ರ ಪ್ರಯೋಗದ್ದು. ಇಂಗ್ಲಿಷ್ ವಿ ಅಕ್ಷರದಂತೆ ಮಡಿಚಿದ ತಂತಿಬೇಲಿಯ ಆಚೆ ಆಹಾರ ಕಾಣುತ್ತದೆ, ಆದರೆ ತಲುಪಬೇಕಾದರೆ ಅದಕ್ಕೆ ಬೆನ್ನು ಮಾಡಿ ಬೇಲಿಯನ್ನು ಸುತ್ತಿ ಹೋಗಬೇಕು. ತಾವಾಗಿಯೇ ಪ್ರಯತ್ನಿಸಿದ ನಾಲ್ಕು ಕೆಂಪುಕಾಲಿನ ಆಮೆಗಳಿಗೆ ಇದು ಒಮ್ಮೆಯೂ ಸಾಧ್ಯವಾಗಲಿಲ್ಲ. ತರಬೇತಿ ಪಡೆದ ಇನ್ನೊಂದು ಆಮೆ ಸುತ್ತಿ ಹೋಗುವುದನ್ನು ನೋಡಿದ ನಾಲ್ಕು ಆಮೆಗಳು ಅದನ್ನು ಕಲಿತವು. ಈ ಜಾತಿಯ ಆಮೆಗೆ ತಾಯಿಯ ಪಾಲನೆಯಿಲ್ಲ, ಕುಟುಂಬವಿಲ್ಲ. ಮೊಟ್ಟೆಯೊಡೆದು ಹೊರಬಂದ ಮರಿ ಒಂಟಿಯಾಗಿಯೇ ಬದುಕು ಶುರುಮಾಡುತ್ತದೆ. ಇನ್ನೊಬ್ಬರನ್ನು ನೋಡಿ ಕಲಿಯುವುದು ಗುಂಪಿನಲ್ಲಿ ಬಾಳುವ ಪ್ರಾಣಿಗಳಿಗೆ ಮಾತ್ರ ದಕ್ಕಿದ ವಿದ್ಯೆ ಎಂಬ ನಂಬಿಕೆ ಆ ಬೇಲಿಯ ಮುಂದೆ ಸಡಿಲವಾಯಿತು. ಮುಂದೆ ಸ್ಪರ್ಶಪರದೆಯ ಮೇಲೆ ಮೂಗು ಒತ್ತಿ ಸ್ಟ್ರಾಬೆರಿ ಗಳಿಸಲು ಕಲಿತ ಆಮೆಗಳಲ್ಲಿ ಎರಡು, ಪರದೆಯ ಮೇಲೆ ಎಡವೋ ಬಲವೋ ಎಂದು ಕಲಿತದ್ದನ್ನು ನೆಲದ ಮೇಲಿಟ್ಟ ನಿಜವಾದ ಬಟ್ಟಲುಗಳಿಗೂ ಅನ್ವಯಿಸಿದವು.

ಇದೆಲ್ಲ ಆಮೆಪ್ರಿಯರ ಹಂಬಲ, ಪ್ರಾಣಿಯಲ್ಲಿ ತಮ್ಮ ಮುಖವನ್ನೇ ಕಾಣುವ ಆತುರ ಎನ್ನುವವರಿದ್ದಾರೆ. ಅವರು ವಿಲ್ಕಿನ್ಸನ್ ತಂಡದ ಆಕಳಿಕೆಯ ಪ್ರಯೋಗವನ್ನು ನೋಡಬೇಕು. ಆಕಳಿಕೆ ಮನುಷ್ಯರಲ್ಲಿ ಒಬ್ಬರಿಂದೊಬ್ಬರಿಗೆ ಅಂಟುತ್ತದೆ. ಆಮೆಗಳಲ್ಲೂ ಹಾಗಾಗುತ್ತದೆಯೇ ಎಂದು ತಿಳಿಯಲು ಅಲೆಕ್ಸಾಂಡ್ರಾ ಎಂಬ ಆಮೆಗೆ ತಿಂಗಳುಗಟ್ಟಲೆ ಬಾಯಿ ತೆರೆಯುವ ತರಬೇತಿ ಕೊಟ್ಟು, ಉಳಿದವುಗಳ ಎದುರು ಆಕಳಿಸುವಂತೆ ಮಾಡಿದರು. ಯಾವ ಆಮೆಗೂ ಆಕಳಿಕೆ ಅಂಟಲಿಲ್ಲ. ತಂಡ ಅದನ್ನು ಹಾಗೆಯೇ ಪ್ರಕಟಿಸಿತು. 2011ರಲ್ಲಿ ಅದಕ್ಕೆ, ನಗು ತರಿಸುವ ಸಂಶೋಧನೆಗಳಿಗೆ ಕೊಡುವ ಇಗ್‌ ನೊಬೆಲ್ ಪ್ರಶಸ್ತಿ ಬಂತು, ಜಗತ್ತು ನಕ್ಕಿತು. ನನಗೆ ಆ ಪ್ರಬಂಧ ಗೌರವಕ್ಕೆ ಅರ್ಹವಾಗಿ ಕಾಣುತ್ತದೆ. ಇಲ್ಲದ್ದನ್ನು ಇಲ್ಲವೆಂದು ಬರೆದವರು ಇದ್ದದ್ದನ್ನು ಇದೆಯೆಂದು ಬರೆದಾಗ ಅವರ ಮಾತಿಗೆ ತೂಕ ಹೆಚ್ಚುತ್ತದೆ. ಪರೀಕ್ಷೆಗೊಳಗಾದ ಆಮೆಗಳ ಸಂಖ್ಯೆ ಬಹಳ ಕಡಿಮೆ ಎಂಬ ಇನ್ನೊಂದು ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಂದು ಮೋಸೆಸ್, ನಾಲ್ಕು ಆಮೆಗಳು, ಮೂರು ದೈತ್ಯ ಆಮೆಗಳು. ಇಷ್ಟರಿಂದ ಆಮೆ ಕುಲದ ಸರಾಸರಿ ಬುದ್ಧಿಯನ್ನು ಲೆಕ್ಕ ಹಾಕಲಾಗದು. ಆದರೆ ಹಳೆಯ ತೀರ್ಪು ಸರಾಸರಿಯ ಬಗ್ಗೆ ಇರಲಿಲ್ಲ. ಆಮೆಗೆ ಇಂಥದ್ದು ಸಾಧ್ಯವೇ ಇಲ್ಲ ಎಂದು ಅದು ಹೇಳುತ್ತಿತ್ತು. ಸಾಧ್ಯವಿಲ್ಲವೆಂಬ ಮಾತನ್ನು ಅಳಿಸಲು ಒಂದು ಆಮೆ ಸಾಕು.

ಹಾಗೆಂದು ಆಮೆ ನಾಯಿಯಷ್ಟು ಜಾಣ ಎಂದು ಯಾರೂ ಹೇಳಬೇಕಿಲ್ಲ. ಆ ಹೋಲಿಕೆಯೇ ದಾರಿ ತಪ್ಪಿಸುತ್ತದೆ. ನಮ್ಮ ಪೂರ್ವಜರ ಕವಲೂ ಆಮೆಯ ಪೂರ್ವಜರ ಕವಲೂ ಬೇರೆಯಾಗಿ 30 ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಸಸ್ತನಿಗಳ ಮಿದುಳಿನ ಆರು ಪದರದ ಹೊರಪೊರೆ ಆಮೆಗಿಲ್ಲ. ಆದರೂ ದಾರಿಯ ನೆನಪಿಗೆ ನಮ್ಮಲ್ಲಿ ನೆರವಾಗುವ ಭಾಗಕ್ಕೆ ಸಂವಾದಿಯಾದ ಒಂದು ಭಾಗ ಅದರ ಮಿದುಳಿನಲ್ಲಿದೆ. ಅದಕ್ಕೆ ಪೆಟ್ಟಾದರೆ ಜಾಗದ ನೆನಪು ಕೆಡುತ್ತದೆಂದು ಸ್ಪೇನಿನ ಸೆವಿಲ್‌ನ ಸಂಶೋಧಕರು ತೋರಿಸಿದ್ದಾರೆ. ದಶಕಗಟ್ಟಲೆ ಬದುಕುವ, ಯಾವ ಋತುವಿನಲ್ಲಿ ಎಲ್ಲಿ ಹಣ್ಣು ಬೀಳುತ್ತದೆಂದು ಅರಿತಿರಬೇಕಾದ, ಒಂದು ತಪ್ಪು ನಡಿಗೆಗೆ ತುಂಬಾ ಶಕ್ತಿ ತೆರಬೇಕಾದ ಪ್ರಾಣಿಗೆ ಚುರುಕಿಗಿಂತ ನೆನಪು ಹೆಚ್ಚು ಬೆಲೆಯುಳ್ಳದ್ದು. ಯಾವ ಬಣ್ಣದ ಗುರುತಿನ ಹಿಂದೆ ಹೆಚ್ಚು ರುಚಿಯ ಆಹಾರವಿತ್ತೆಂಬುದನ್ನು ಕೆಂಪುಕಾಲಿನ ಆಮೆಗಳು 18 ತಿಂಗಳ ನಂತರವೂ ನೆನಪಿಟ್ಟಿದ್ದವು ಎಂಬ 2017ರ ಫಲಿತಾಂಶ ಈ ಮಾತಿಗೆ ಒತ್ತಾಸೆಯಾಗಿದೆ. ಹದಿನೆಂಟನೆಯ ಶತಮಾನದಲ್ಲೇ ಇಂಗ್ಲೆಂಡಿನ ಪಾದ್ರಿ ಗಿಲ್ಬರ್ಟ್ ವೈಟ್ ತಮ್ಮ ಸೋದರತ್ತೆಯ ತೋಟದ ಆಮೆ, ಮೂವತ್ತಕ್ಕೂ ಹೆಚ್ಚು ವರ್ಷ ತನಗೆ ಉಣಿಸಿದ ಆಕೆಯನ್ನು ಕಂಡರೆ ನಡೆದು ಬರುತ್ತಿತ್ತು, ಅಪರಿಚಿತರನ್ನು ಲೆಕ್ಕಿಸುತ್ತಿರಲಿಲ್ಲ ಎಂದು ದಾಖಲಿಸಿದ್ದರು.

ನೆನಪಿರುವ ಪ್ರಾಣಿಗೆ ನಿರೀಕ್ಷೆಯೂ ಇರುತ್ತದೆ. ನಿರೀಕ್ಷೆಯಿರುವ ಪ್ರಾಣಿಗೆ ಬೇಸರವೂ ಸಾಧ್ಯ. ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ದಶಕಗಳಿಂದ ಒಂಟಿಯಾಗಿದ್ದ ಪಿಗ್‌ಫೇಸ್ ಎಂಬ ನೈಲ್ ನದಿಯ ಮೆದುಚಿಪ್ಪಿನ ಆಮೆ ತನ್ನ ಕಾಲು ಕತ್ತುಗಳನ್ನು ತಾನೇ ಗಾಯಮಾಡಿಕೊಳ್ಳುತ್ತಿತ್ತು. ತೊಟ್ಟಿಗೆ ಚೆಂಡು, ಬಳೆ, ಕೊಳವೆಗಳನ್ನು ಹಾಕಿದ ಮೇಲೆ ಅದು ಅವುಗಳೊಡನೆ ಆಡತೊಡಗಿತು, ಗಾಯಮಾಡಿಕೊಳ್ಳುವುದು ಕಡಿಮೆಯಾಯಿತು. ಬರ್ಗಾರ್ಟ್ ಮತ್ತು ಸಂಗಡಿಗರು 1996ರಲ್ಲಿ ಇದನ್ನು ಪ್ರಕಟಿಸಿದರು. ಆಮೆಯನ್ನು ಸಾಕುವವರಿಗೆ ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಪ್ರಯೋಗವಿಲ್ಲ. ಪ್ರಾಣಿಯ ಹಕ್ಕು ಅದರ ಜಾಣತನಕ್ಕೆ ಅನುಗುಣವಾಗಿರಬೇಕೇ, ದಡ್ಡ ಪ್ರಾಣಿಯನ್ನು ಹಿಂಸಿಸಬಹುದೇ ಎಂದು ಕೇಳಬಹುದು. ಖಂಡಿತ ಇಲ್ಲ. ನೋವಿರುವಲ್ಲೆಲ್ಲ ಹೊಣೆಯಿದೆ. ಆದರೆ ಬುದ್ಧಿಯ ಅರಿವಿನಿಂದ ನಮಗೆ ತಿಳಿಯುವುದು ನೋವಿನ ಇನ್ನೊಂದು ಬಗೆ. ಎಲೆ, ನೀರು, ಪೆಟ್ಟಿಗೆ ಕೊಟ್ಟರೆ ಸಾಕೆಂಬ ಲೆಕ್ಕದಲ್ಲಿ ಆ ಬಗೆಯ ನೋವು ಕಾಣಿಸುವುದೇ ಇಲ್ಲ. ಕಾನೂನು ಒಪ್ಪುವ ಜಾತಿಯ ಆಮೆಯನ್ನು ಸಾಕುವವರು ಅದಕ್ಕೆ ದಿನಕ್ಕೆ ಹತ್ತು ನಿಮಿಷದ ತರಬೇತಿ ಕೊಟ್ಟರೆ, ಅದು ಮನರಂಜನೆಯಲ್ಲ, ಆಮೆಗೆ ಸಲ್ಲಬೇಕಾದ ಆರೈಕೆಯ ಭಾಗ.

ನಮ್ಮಲ್ಲಿ ಈ ಮಾತು ಇಲ್ಲಿಗೆ ನಿಲ್ಲುವುದಿಲ್ಲ. ಕರ್ನಾಟಕ ಮತ್ತು ಆಂಧ್ರದ ಗಡಿಯ ಕುರುಚಲು ಕಾಡುಗಳಲ್ಲಿರುವ ನಕ್ಷತ್ರ ಆಮೆಯನ್ನು ಅದೃಷ್ಟ ತರುತ್ತದೆಂದು ಮನೆಯಲ್ಲಿಡುವವರಿದ್ದಾರೆ, ಬೆಂಗಳೂರಿನ ವಿಮಾನ ನಿಲ್ದಾಣದ ಮೂಲಕ ಸೂಟ್‌ಕೇಸಿನಲ್ಲಿ ತುಂಬಿ ಸಾಗಿಸುವಾಗ ಸಿಕ್ಕಿಬಿದ್ದವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ. 2019ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧವಿದೆ. ಎಷ್ಟೇ ಪ್ರೀತಿಯಿಂದ ತರಬೇತಿ ಕೊಟ್ಟರೂ ಕಾಡಿನಿಂದ ಕದ್ದು ತಂದ ಆಮೆಗೆ ಅದು ಪರಿಹಾರವಾಗದು. ಅಂಗಡಿಗಳಲ್ಲಿ ನಾಣ್ಯದಗಲದ ಮರಿಯಾಗಿ ಸಿಗುವ ಕೆಂಪುಕಿವಿಯ ನೀರಾಮೆಯನ್ನು ಮಕ್ಕಳಿಗೆ ಕೊಡಿಸುವ ಮುಂಚೆಯೂ ಯೋಚಿಸಿ. ಅದು ಅಡಿಯುದ್ದಕ್ಕೆ ಹತ್ತಿರವಾಗಿ ಬೆಳೆದು ಇಪ್ಪತ್ತು ಮೂವತ್ತು ವರ್ಷ ಬದುಕಬಲ್ಲದು. ಮನೆಯಲ್ಲಿ ಈಗಾಗಲೇ ನಕ್ಷತ್ರ ಆಮೆಯಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಿ. ಎರಡನ್ನೂ ಕೆರೆಗೆ ಮಾತ್ರ ಬಿಡಬೇಡಿ. ನಕ್ಷತ್ರ ಆಮೆ ನೆಲದ ಪ್ರಾಣಿ, ನೀರಿನಲ್ಲಿ ಮುಳುಗಿ ಸಾಯುತ್ತದೆ. ಕೆಂಪುಕಿವಿಯ ಆಮೆ ಹೊರದೇಶದ್ದು, ಅದು ಬದುಕಿ ಉಳಿದು ನಮ್ಮ ಕೆರೆಗಳ ಆಮೆಗಳ ಆಹಾರವನ್ನೂ ಜಾಗವನ್ನೂ ಕಸಿದುಕೊಳ್ಳುತ್ತದೆ.