ಅಮ್ಮನ ಮರೆವು ಮತ್ತು ಮೆಗ್ನೀಸಿಯಂ ಡಬ್ಬಿ

ಮೊದಲೆಲ್ಲ ಬೆಂಗಳೂರಿಂದ ಊರಿಗೆ ಹೋಗುವವರ ಬ್ಯಾಗಿನಲ್ಲಿ ಬೇಕರಿಯ ಖಾರಾ ಬಿಸ್ಕೆಟ್ಟು, ಅಮ್ಮನಿಗೊಂದು ಸೀರೆ, ಅಪ್ಪನಿಗೊಂದು ಟಾರ್ಚು ಇರುತ್ತಿತ್ತು. ಈಗ ಅವುಗಳ ಜೊತೆ ಡಬ್ಬಿಗಳು ಸೇರಿಕೊಂಡಿವೆ. ಮೆಗ್ನೀಸಿಯಂ, ಸತು, ಸೆಲೆನಿಯಂ, ‘ಮೆದುಳಿನ ಆರೋಗ್ಯಕ್ಕೆ’ ಅಂತ ಬರೆದ ಇನ್ನೇನೋ ಒಂದು. ಆಫೀಸಿನಲ್ಲಿ ನಮ್ಮ ಊಟದ ಹೊತ್ತಿನ ಮಾತು ಹಿಂದೆ ಹೋಮ್ ಲೋನು, ಆನ್‌ಸೈಟು ಅಂತ ಇರುತ್ತಿತ್ತು. ಎಲ್ಲರೂ ಮೂವತ್ತೈದು ದಾಟಿದ ಮೇಲೆ, ‘ಅಮ್ಮನಿಗೆ ಯಾಕೋ ಮರೆವು ಜಾಸ್ತಿ ಆಗ್ತಿದೆ ಕಣೋ, ಒಳ್ಳೇ ಸಪ್ಲಿಮೆಂಟ್ ಯಾವ್ದಾದ್ರೂ ಗೊತ್ತಾ?’ ಅನ್ನುವಲ್ಲಿಗೆ ಬಂದು ನಿಂತಿದೆ.

ಈ ಪ್ರಶ್ನೆ ನನಗೂ ಹೊರಗಿನದಲ್ಲ. ನನ್ನಮ್ಮನಿಗೆ 74. ಹಾಸನದಲ್ಲಿದ್ದಾಳೆ. ಒಂದೇ ಸುದ್ದಿಯನ್ನು ಒಂದೇ ಫೋನಿನಲ್ಲಿ ಎರಡು ಸಲ ಹೇಳುತ್ತಾಳೆ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಕೇಳಿಕೊಳ್ಳಬೇಕು ಅನಿಸಿತು: ಕೆಲಸ ಮಾಡುತ್ತೋ ಇಲ್ಲವೋ ಖಾತ್ರಿ ಇಲ್ಲದ ಮಾತ್ರೆಯನ್ನು ‘ಇದರಿಂದ ನೆನಪು ಚೆನ್ನಾಗಿರುತ್ತೆ’ ಅಂತ ಹೇಳಿ, ನಾವು ಪ್ರೀತಿಸುವವರ ಕೈಗೆ ಕೊಡೋದು ಸರಿಯಾ?

ಮೊದಲು ಗೊತ್ತಿರುವುದನ್ನು ನೋಡೋಣ. ಮೆಗ್ನೀಸಿಯಂ ಮತ್ತು ನೆನಪಿನ ಬಗೆಗಿನ ಉತ್ಸಾಹಕ್ಕೆ ದೊಡ್ಡ ಕಾರಣ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅದರಲ್ಲಿ ಮೆಗ್ನೀಸಿಯಂ ಥ್ರಿಯೋನೇಟ್ ತಿಂದು ಚುರುಕಾಗಿದ್ದು ಇಲಿಗಳು. ಸೆಲೆನಿಯಂ ಅನ್ನು ಏಳೂವರೆ ಸಾವಿರ ಹಿರಿಯ ಗಂಡಸರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿ ನೋಡಿದರು. ಅದು ಡಿಮೆನ್ಷಿಯಾ ತಡೆಯಲಿಲ್ಲ ಅಂತ 2017ರಲ್ಲಿ ಫಲಿತಾಂಶ ಬಂತು. ವಿಟಮಿನ್, ಖನಿಜ ಎರಡೂ ಇರುವ ದಿನಕ್ಕೊಂದು ಮಾತ್ರೆಯನ್ನು ಮೂರು ವರ್ಷ ತಗೊಂಡ ಅಮೆರಿಕದ ಹಿರಿಯರಲ್ಲಿ ಸಣ್ಣ ಮಟ್ಟದ ಪ್ರಯೋಜನ ಕಂಡಿದ್ದೂ ನಿಜ. ಆ ಫಲಿತಾಂಶ ಬಂದಿದ್ದು 2022ರಲ್ಲಿ. ಆದರೆ ಮರೆವಿನ ಕಾಯಿಲೆಯನ್ನು ಅದು ತಡೆಯುತ್ತದೆ ಅಂತ ಆ ಅಧ್ಯಯನ ತೋರಿಸಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ, ಮರೆವು ತಡೆಯಲೆಂದು ಬಿ ಮತ್ತು ಇ ವಿಟಮಿನ್ನುಗಳನ್ನಾಗಲೀ ಹಲವು ಪೋಷಕಾಂಶ ಸೇರಿಸಿದ ಸಪ್ಲಿಮೆಂಟುಗಳನ್ನಾಗಲೀ ಕೊಡಬೇಡಿ ಎಂದಿದೆ.

ಡಬ್ಬಿಯೇ ಇದನ್ನು ಒಪ್ಪಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಮಾರುವ ಸಪ್ಲಿಮೆಂಟಿನ ಮೇಲೆ ‘ಔಷಧವಾಗಿ ಬಳಸಲು ಅಲ್ಲ’ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ, ಹುಡುಕಿ ನೋಡಿ. ಕಾನೂನು ಬರೆಸಿದ ಆ ಸಾಲನ್ನು ಬಿಟ್ಟು ನಾವು ಪಕ್ಕದಲ್ಲಿರುವ ಮೆದುಳಿನ ಚಿತ್ರ ಓದುತ್ತೇವೆ.

ಹಾಗಂತ ಖನಿಜಕ್ಕೂ ಮರೆವಿಗೂ ಸಂಬಂಧವೇ ಇಲ್ಲ ಅಂತಲ್ಲ. ಸಂಬಂಧ ಇರುವುದು ಬೇರೆ ಜಾಗದಲ್ಲಿ. ವಯಸ್ಸಾದವರ ರಕ್ತದಲ್ಲಿ ಸೋಡಿಯಂ ಕುಸಿದರೆ ಒಂದೆರಡು ದಿನದಲ್ಲೇ ಗೊಂದಲ ಶುರುವಾಗಬಹುದು, ಮಗಳನ್ನು ತಂಗಿ ಅಂತ ಕರೆಯಬಹುದು. ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಥೈರಾಯ್ಡ್ ಕಡಿಮೆಯಾದರೆ ಮರೆವು ಬರುತ್ತದೆ, ಬಿ12 ಕಡಿಮೆಯಾದರೂ ಬರುತ್ತದೆ. ಮಾಂಸ, ಮೊಟ್ಟೆ ಮುಟ್ಟದ, ವರ್ಷಗಟ್ಟಲೆ ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ಳುವ ನಮ್ಮ ಅಪ್ಪ-ಅಮ್ಮಂದಿರಲ್ಲಿ ಬಿ12 ಕೊರತೆ ಅಪರೂಪವೇನಲ್ಲ. ಇವೆಲ್ಲ ರಕ್ತಪರೀಕ್ಷೆಯಲ್ಲಿ ಗೊತ್ತಾಗುವಂಥವು. ಇರುವ ಕೊರತೆಯನ್ನು ತುಂಬುವುದು ಚಿಕಿತ್ಸೆ. ಕೊರತೆ ಇದೆಯೋ ಇಲ್ಲವೋ ನೋಡದೆ ಸುರಿಯುವುದು ಬೇರೆ.

‘ಇರಲಿ ಬಿಡಿ, ಒಳ್ಳೇದಾಗದಿದ್ರೂ ಕೆಟ್ಟದ್ದಂತೂ ಆಗಲ್ವಲ್ಲ’ ಅನ್ನುವವರಿದ್ದಾರೆ. ನನಗೂ ಇದೇ ಬಲವಾದ ವಾದ ಅನಿಸುತ್ತಿತ್ತು, ಅದು ನಿಜವಾಗಿದ್ದರೆ. ಕಿಡ್ನಿ ದುರ್ಬಲವಾಗಿರುವವರ ಮೈಯಲ್ಲಿ ಹೆಚ್ಚಿನ ಮೆಗ್ನೀಸಿಯಂ ಹೊರಗೆ ಹೋಗದೆ ಉಳಿದುಬಿಡುತ್ತದೆ. ಸತುವನ್ನು ಹೆಚ್ಚು ಪ್ರಮಾಣದಲ್ಲಿ ಬಹಳ ಕಾಲ ತಗೊಂಡರೆ ತಾಮ್ರ ಕಡಿಮೆಯಾಗಿ ನರಗಳಿಗೆ ತೊಂದರೆ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಯನ್ನು ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗಿದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎರಡರ ಮಧ್ಯೆ ನಾಲ್ಕು ಗಂಟೆ ಅಂತರ ಬೇಕು. ಅಂದರೆ ಒಳ್ಳೆಯದಾಗಲಿ ಅಂತ ಕೊಟ್ಟ ಮಾತ್ರೆಯೇ ಮರೆವನ್ನು ಹೆಚ್ಚಿಸಬಹುದು. ಇನ್ನೂ ದೊಡ್ಡ ನಷ್ಟ ಕಾಲದ್ದು. ‘ಮಾತ್ರೆ ತಗೊಳ್ತಿದಾರಲ್ಲ, ನೋಡೋಣ’ ಅಂತ ಕಳೆಯುವ ಆರು ತಿಂಗಳಲ್ಲಿ ಸರಿಮಾಡಬಹುದಾದ ಕಾರಣವೊಂದು ಹಾಗೇ ಕೂತಿರುತ್ತದೆ.

ಇಷ್ಟು ವೈದ್ಯಕೀಯದ ಮಾತಾಯಿತು. ನನ್ನನ್ನು ಕಾಡುವುದು ಇದಕ್ಕಿಂತ ಬೇರೆ. ಹೋದ ವರ್ಷ ನ್ಯೂಜೆರ್ಸಿಯಿಂದ ಬಂದ ನೆಂಟರೊಬ್ಬರು ಅಮ್ಮನಿಗೆ ಅಂಥದ್ದೊಂದು ಡಬ್ಬಿ ಕೊಟ್ಟು ಹೋದರು. ಅಮ್ಮ ನನ್ನ ಮುಂದೆ ಅದನ್ನಿಟ್ಟು, ‘ಇದು ತಗೊಂಡ್ರೆ ಮರೆವು ಹೋಗುತ್ತೇನೋ?’ ಅಂತ ಕೇಳಿದಳು. ಆ ಕ್ಷಣಕ್ಕೆ ‘ಹೂಂ, ಹೋಗುತ್ತೆ’ ಅನ್ನುವುದು ಬಹಳ ಸುಲಭ. ಅವಳಿಗೂ ಧೈರ್ಯ, ನನಗೂ ಸಮಾಧಾನ. ನಾನು, ‘ಹೋಗುತ್ತೆ ಅಂತ ಯಾರೂ ತೋರಿಸಿಲ್ಲಮ್ಮ. ಮೊದ್ಲು ಡಾಕ್ಟರ್ ಹತ್ರ ಹೋಗಿ ರಕ್ತ ಪರೀಕ್ಷೆ ಮಾಡಿಸೋಣ’ ಅಂದೆ. ಅಮ್ಮ ಡಬ್ಬಿಯನ್ನು ತಿರುಗಿಸಿ ನೋಡಿ, ‘ಅದೂ ಸರಿಯೇ. ಮರೆವಿಗೆ ಮಾತ್ರೆ ಅಂತ ಇದ್ದಿದ್ರೆ ಊರಲ್ಲಿ ಸಾಲ ತಗೊಂಡವರಿಗೆಲ್ಲ ಮೊದ್ಲು ಕೊಡಬೇಕಿತ್ತು’ ಅಂದಳು.

ಪರೀಕ್ಷೆಯಲ್ಲಿ ಸೋಡಿಯಂ, ಥೈರಾಯ್ಡ್ ಸರಿಯಿತ್ತು. ಬಿ12 ಕಡಿಮೆ ಇತ್ತು, ಅದಕ್ಕೆ ಇಂಜೆಕ್ಷನ್ ಶುರುವಾಯಿತು. ಮರೆವಿಗೆ ಅದೊಂದೇ ಕಾರಣ ಅಂತ ಡಾಕ್ಟರ್ ಹೇಳಲಿಲ್ಲ. ಕಿವಿಯನ್ನೂ ನೋಡಿಸಿ ಅಂದರು. ಎಡಕಿವಿ ಅರ್ಧ ಮಂದವಾಗಿತ್ತು. ಹೇಳಿದ್ದೇ ಕೇಳಿಸದವರಿಗೆ ನೆನಪಿಟ್ಟುಕೊಳ್ಳೋಕೆ ಏನಿರುತ್ತೆ ಹೇಳಿ? 2024ರ ಲ್ಯಾನ್ಸೆಟ್ ಆಯೋಗದ ವರದಿ ಡಿಮೆನ್ಷಿಯಾಕ್ಕೆ ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಬಿಪಿ, ಶುಗರ್, ಒಂಟಿತನ ಎಲ್ಲವೂ ಅದರಲ್ಲಿವೆ. ಇವಕ್ಕೆ ಬೇಕಾಗಿರುವುದು ಕಿವಿಯ ಮೆಷಿನ್ನು, ಪೊರೆಯ ಆಪರೇಷನ್ನು, ಸಂಜೆ ಜೊತೆಗೆ ನಡೆಯಲು ಒಬ್ಬರು. ಇವನ್ನು ಹತ್ತು ನಿಮಿಷದಲ್ಲಿ ಮನೆಗೆ ತರಿಸಿಕೊಳ್ಳಲು ಆಗುವುದಿಲ್ಲ. ಡಬ್ಬಿಯನ್ನು ಆಗುತ್ತದೆ. ದೂರದಲ್ಲಿರುವ ಮಕ್ಕಳಿಗೆ ಡಬ್ಬಿ ಇಷ್ಟು ಇಷ್ಟವಾಗುವುದಕ್ಕೆ ಅದೂ ಒಂದು ಕಾರಣ ಇರಬೇಕು.

ಇನ್ನೊಂದು ಕಾರಣವನ್ನು ಹೇಳಲು ಸ್ವಲ್ಪ ಕಷ್ಟ. ಅಮ್ಮ ಮರೆಯುತ್ತಿದ್ದಾಳೆ ಅಂದಾಗ ನಮ್ಮ ಭಯ ಪೂರ್ತಿ ಅವಳ ಕುರಿತದ್ದಲ್ಲ. ಅವಳು ಉಪ್ಪಿನ ಡಬ್ಬಿ ಎಲ್ಲಿಟ್ಟೆ ಅಂತ ಮರೆತರೆ ನಗುತ್ತೇವೆ. ನಮ್ಮ ಹೆಸರಿಗೆ ತಡವರಿಸಿದರೆ ಎದೆ ಝಲ್ಲೆನ್ನುತ್ತದೆ. ನಾವು ಹೇಗಿದ್ದೆವು, ಯಾವ ಜ್ವರಕ್ಕೆ ಯಾವ ರಾತ್ರಿ ಅತ್ತೆವು ಅನ್ನುವುದರ ಏಕೈಕ ದಾಖಲೆ ಅವಳ ತಲೆಯೊಳಗಿದೆ. ಅದು ಅಳಿಸಿಹೋದರೆ ನಮ್ಮ ಒಂದು ಭಾಗವೂ ಹೋಯಿತು. ಈ ಭಯ ಸಹಜ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಭಯ ನಮ್ಮದು, ಮಾತ್ರೆ ನುಂಗಬೇಕಾದವಳು ಅವಳು. ಎರಡೂ ಒಂದೇ ಅಂದುಕೊಳ್ಳಬಾರದು.

ಸುಳ್ಳು ಭರವಸೆಗೆ ಇನ್ನೊಂದು ಬೆಲೆಯೂ ಇದೆ. ‘ಈ ಮಾತ್ರೆ ತಗೊಂಡ್ರೆ ಮರೆಯಲ್ಲ’ ಅಂತ ನಂಬಿಸಿದ ಮೇಲೂ ಅವಳು ಮರೆತರೆ, ಮರೆತದ್ದು ಅವಳ ತಪ್ಪಾಗಿಬಿಡುತ್ತದೆ. ‘ಮಾತ್ರೆ ಸರಿಯಾಗಿ ತಗೊಂಡ್ಯಾ?’ ಅಂತ ಮಕ್ಕಳು ಗದರುವುದನ್ನು ನಾನು ಕೇಳಿದ್ದೇನೆ. ವಯಸ್ಸು ತಂದಿದ್ದನ್ನು ಶಿಸ್ತಿಲ್ಲದ್ದಕ್ಕೆ ಬಂದದ್ದು ಅನ್ನುವಂತೆ ಮಾಡುವುದು, ನನ್ನ ಪ್ರಕಾರ, ಇದರಲ್ಲಿರುವ ಅತಿ ದೊಡ್ಡ ಅನ್ಯಾಯ.

ಡಬ್ಬಿ ಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ಡಾಕ್ಟರು ಕೊರತೆ ಇದೆ ಅಂದರೆ ಕೊಡಲೇಬೇಕು. ಎಲ್ಲ ಗೊತ್ತಿದ್ದೂ ಅಮ್ಮನೇ ತಗೊಳ್ತೀನಿ ಅಂದರೆ, ಡಾಕ್ಟರು ಬೇಡ ಅನ್ನದಿದ್ದರೆ, ಅದು ಅವಳ ಹಕ್ಕು. ನಾನು ಕೇಳುವುದು ಇಷ್ಟೇ: ಅವಳಿಗೆ ನಿಜ ಹೇಳಿ. ಅವಳು ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. ಅವಳು ಎರಡನೇ ಸಲ ಹೇಳುವ ಸುದ್ದಿಯನ್ನು ಎರಡನೇ ಸಲವೂ ಕೇಳಿ. ಆ ಜ್ವರದ ರಾತ್ರಿಗಳ ಕತೆಗಳನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಇಷ್ಟು ವರ್ಷ ನಮ್ಮ ಪರವಾಗಿ ಅವಳೇ ನೆನಪಿಟ್ಟುಕೊಂಡಿದ್ದಾಳೆ. ಇನ್ನು ಮುಂದೆ ಆ ಕೆಲಸವನ್ನು ನಾವು ಸ್ವಲ್ಪ ಸ್ವಲ್ಪವೇ ವಹಿಸಿಕೊಳ್ಳಬೇಕು.