ಊಟಾ ಆತೇನು?

ನನ್ನ ತಮ್ಮ ಎಂ.ಎಸ್. ಓದಲಿಕ್ಕೆ ಜರ್ಮನಿಗೆ ಹೋಗಿದ್ದು 2018ರಲ್ಲಿ. ಅಲ್ಲಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಫೀ ಇಲ್ಲ. ಆದರೆ ವರ್ಷದ ಖರ್ಚಿಗಂತ 8,640 ಯೂರೋ ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕಿತ್ತು. ಅಪ್ಪ ಹೊಲದ ಕಾಗದ ಬ್ಯಾಂಕಿಗೆ ಕೊಟ್ಟರು, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನಾನು ಸಾಲಕ್ಕೆ ಸಹಿ ಹಾಕಿದೆ.

ಹೋದ ಹೊಸತರಲ್ಲಿ ದಿನಕ್ಕೊಂದು ಸೋಜಿಗ ಹೇಳುತ್ತಿದ್ದ. ಭಾನುವಾರ ಅಂಗಡಿ ಎಲ್ಲಾ ಬಂದ್. ಖಾಲಿ ಪ್ಲಾಸ್ಟಿಕ್ ಬಾಟಲಿ ವಾಪಸ್ ಕೊಟ್ಟರೆ 25 ಸೆಂಟ್. ಟ್ರಾಮಿಗೆ ಗೇಟಿಲ್ಲ, ಟಿಕೆಟ್ ಕೇಳುವವರು ಯಾವಾಗಲೋ ಒಮ್ಮೆ ಬರುತ್ತಾರೆ, ಸಿಕ್ಕಿಬಿದ್ದರೆ 60 ಯೂರೋ ದಂಡ. 'ಒಂದ ಸಲಾನೂ ಟಿಕೆಟ್ ಇಲ್ದ ಹತ್ತಿಲ್ಲಣ್ಣಾ' ಅಂತ ಹೆಮ್ಮೆಯಿಂದ ಹೇಳಿದ್ದ.

ಪರದೇಶದ ಟ್ರಾಮಿಗೆ ಅಷ್ಟು ಪ್ರಾಮಾಣಿಕನಾದ ಹುಡುಗ ಅವ್ವನಿಗೆ ಮಾತ್ರ ದಿನಾ ಸುಳ್ಳು ಹೇಳುತ್ತಿದ್ದ.

'ಊಟಾ ಆತೇನು?'
'ಆತವ್ವಾ. ಚಪಾತಿ, ಪಲ್ಯಾ.'

ತಿಂದಿರುತ್ತಿದ್ದುದು ಗೋದಾಮಿನ ಮೂಲೆಯಲ್ಲಿ ನಿಂತು ಎರಡು ತುಂಡು ಬ್ರೆಡ್ಡು. ವಾರಕ್ಕೆ ಎರಡು ರಾತ್ರಿ ಅಲ್ಲಿ ಡಬ್ಬಿ ಎತ್ತಿಡುವ ಕೆಲಸ ಮಾಡುತ್ತಿದ್ದ. 2019ರ ಬೇಸಗೆಯಲ್ಲಿ ಒಂದು ವಿಷಯದಲ್ಲಿ ಎರಡನೇ ಸಲ ಫೇಲಾದ. ಮೂರನೇ ಸಲವೂ ಹೋದರೆ ಆ ಕೋರ್ಸೇ ಮುಗಿದಂತೆ. ನನಗೆ ಹೇಳಿದ, 'ಅಪ್ಪಗ ಹೇಳಬ್ಯಾಡ' ಅಂದ.

ಅದೇ ಆಗಸ್ಟಿನಲ್ಲಿ ನೆರೆ ಬಂತು. ನಮ್ಮೂರು ಭೋಜ. ವೇದಗಂಗಾ, ದೂಧಗಂಗಾ ಎರಡೂ ಕೂಡುವ ಜಾಗ. ಕಾರದಗಾ–ಭೋಜ ಸೇತುವೆ ಮುಳುಗಿತು, ನಮ್ಮ ಕಬ್ಬು ತಲೆಮಟ್ಟ ನೀರಲ್ಲಿ ನಿಂತಿತು. ಮನೆಯವರು ದನ ಹೊಡಕೊಂಡು ಎತ್ತರದ ಓಣಿಯ ಸಂಬಂಧಿಕರಲ್ಲಿಗೆ ಹೋದರು. ಅಪ್ಪ ಫೋನಿನಲ್ಲಿ ಮೊದಲು ಹೇಳಿದ್ದು ಇದನ್ನೇ: 'ಸಣ್ಣಾವಗ ತಿಳಸಬ್ಯಾಡ. ಪರೀಕ್ಷಾ ಅದಾವ ಅವನವು.'

ಹೀಗೆ ಎರಡೂ ಕಡೆಯ ಸುಳ್ಳಿಗೆ ನಾನೇ ಕೀಲಿಕೈ ಆದೆ. ಖರೇ ಹೇಳಬೇಕಂದ್ರೆ, ಒಳಗೊಳಗೇ ಅದು ಹಿತವಾಗಿಯೂ ಇತ್ತು. ಎಲ್ಲಾ ಗೊತ್ತಿರುವವನು ನಾನೊಬ್ಬನೇ, ಎಲ್ಲರನ್ನೂ ಕಾಯುತ್ತಿರುವವನು ನಾನೊಬ್ಬನೇ!

ನೋಯಿಸಬಾರದು ಅಂತ ಹೇಳಿದ ಸುಳ್ಳು ತಪ್ಪೇ? ಈ ಪ್ರಶ್ನೆಗೆ ವಯಸ್ಸು ಬಹಳ. ಜರ್ಮನ್ ತತ್ತ್ವಜ್ಞಾನಿ ಕಾಂಟ್ 1797ರಲ್ಲಿ ಇದರ ಮೇಲೆಯೇ ಒಂದು ಲೇಖನ ಬರೆದ. ನಿಮ್ಮ ಗೆಳೆಯ ನಿಮ್ಮ ಮನೆಯಲ್ಲಿ ಅಡಗಿದ್ದಾನೆ, ಕೊಲೆಗಾರ ಬಾಗಿಲಿಗೆ ಬಂದು ಅವನೆಲ್ಲಿ ಅಂತ ಕೇಳುತ್ತಾನೆ. ಆಗಲೂ ಸುಳ್ಳು ಹೇಳುವ ಹಕ್ಕು ನಿಮಗಿಲ್ಲ ಅನ್ನುತ್ತಾನೆ ಕಾಂಟ್. ನಮ್ಮೂರು ಆಚಾರ್ಯ ಶಾಂತಿಸಾಗರರ ಊರು. ಸತ್ಯಾಣುವ್ರತದ ಮಾತು ಬಸದಿಯಲ್ಲಿ ಸಣ್ಣವರಿದ್ದಾಗಿನಿಂದ ಕೇಳಿದ್ದೇವೆ. ಅಲ್ಲಿನ ಲೆಕ್ಕ ಬೇರೆ. ದೊಡ್ಡ ಸುಳ್ಳು ಹೇಳಬಾರದು, ಇನ್ನೊಬ್ಬರಿಂದ ಹೇಳಿಸಲೂ ಬಾರದು, ಜೊತೆಗೆ ವಿಪತ್ತು ತರುವ ಸತ್ಯವನ್ನೂ ಆಡಬಾರದು ಅಂತ ಸಮಂತಭದ್ರರ ರತ್ನಕರಂಡ ಶ್ರಾವಕಾಚಾರ ಹೇಳುತ್ತದೆ. ಆ ಕೊನೆಯ ಮಾತನ್ನೇ ಹಿಡಕೊಂಡು ನಾನು ನಿದ್ದೆ ಮಾಡುತ್ತಿದ್ದೆ. ಇನ್ನೊಬ್ಬರಿಂದ ಹೇಳಿಸಬಾರದು ಅನ್ನುವುದನ್ನು ಅನುಕೂಲಕ್ಕೆ ಮರೆತಿದ್ದೆ.

ಮೂರನೇ ದಿನ ಊರಿನ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಹಾಕಿದ ವಿಡಿಯೋ ತಮ್ಮನಿಗೆ ಮುಟ್ಟಿತು. ನಮ್ಮ ಓಣಿ, ನಮ್ಮ ಕಟ್ಟೆ, ಮೇಲೆ ನೀರು. ಅವ್ವನಿಗೆ ಫೋನ್ ಮಾಡಿದ. 'ಏನಿಲ್ಲಪಾ, ಮಳಿ ಜೋರೈತಿ ಅಷ್ಟ. ಊಟಾ ಆತೇನು?' ಅಂದಳಂತೆ. ಆಮೇಲೆ ನನಗೆ ಮಾಡಿದ. ಬೈಯಲಿಲ್ಲ. ಇಷ್ಟೇ ಕೇಳಿದ: 'ಅಣ್ಣಾ, ನಾ ಈ ಮನಿಯಾಂವ ಹೌದೋ ಅಲ್ಲೋ? ಪಾವಣ್ಯಾರ ಮುಂದ ಮಾತಾಡಿಧಂಗ ಮಾತಾಡತೀರಲ್ಲ?'

ಆ ಮಾತು ಇನ್ನೂ ಚುಚ್ಚುತ್ತದೆ. ಪಾವಣ್ಯಾರು ಬಂದಾಗ ನಾವು ಸಾಲದ ಮಾತಾಡುವುದಿಲ್ಲ, ಸೋರುವ ಮಾಳಿಗೆ ತೋರಿಸುವುದಿಲ್ಲ, ಒಳ್ಳೆ ತಾಟಿನಲ್ಲಿ ಬಡಿಸಿ ಕಳಿಸುತ್ತೇವೆ. ಕೆಟ್ಟ ಸುದ್ದಿ ಮನೆಯವರ ಪಾಲು. ಕಾಂಟ್‌ನ ಬಾಗಿಲಲ್ಲಿ ನಿಂತವನು ಕೊಲೆಗಾರ, ನಮ್ಮ ಬಾಗಿಲಲ್ಲಿ ನಿಂತವನು ಮನೆಮಗ. ಅವನ ನೋವು ತಪ್ಪಿಸುತ್ತೇವೆ ಅಂತ ನಾವು ಅವನ ಪಾಲನ್ನೇ ಕಿತ್ತುಕೊಂಡಿದ್ದೆವು. ಅವನೂ ಅಪ್ಪನಿಗೆ ಅದನ್ನೇ ಮಾಡುತ್ತಿದ್ದ.

ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾರ ನಾನೂ ಹೇಳತೇನಿ' ಅಂದ. ನೀರು ಇಳಿದು, ಮನೆಯ ರಾಡಿ ಬಳಿದ ಮೇಲೆ ಒಂದು ಸಂಜೆ ಅಪ್ಪನಿಗೆ ಎಲ್ಲಾ ಹೇಳಿದ. ಗೋದಾಮು, ಬ್ರೆಡ್ಡು, ಎರಡು ಸಲ ಫೇಲು. ನಾನು ಇನ್ನೊಂದು ಲೈನಿನಲ್ಲಿ ಉಸಿರು ಬಿಗಿಹಿಡಿದಿದ್ದೆ. ಅಪ್ಪ ಅಂದರು: 'ಒಂದ ವರ್ಷ ತಂಬಾಕ ಕೆಡತೈತಿ. ಹಂಗಂತ ಹೊಲಾ ಮಾರತೇವೇನು? ಇನ್ನೊಮ್ಮಿ ಬರಿ. ಆಗಲಿಲ್ಲಂದ್ರ ಬಾ, ಇಲ್ಲೂ ಕೆಲಸೈತಿ.' ಅವ್ವ ಮಾತ್ರ ಬ್ರೆಡ್ಡಿನ ಮಾತಿಗೆ ಎರಡು ದಿನ ಅತ್ತಳು. ಸತ್ಯ ನೋಯಿಸುವುದಿಲ್ಲ ಅಂತ ನಾನೇನೂ ಹೇಳುವುದಿಲ್ಲ.

ಮೂರನೇ ಸಲ ಪಾಸಾದ. ಪಾಸಾಗದಿದ್ದರೂ ನನ್ನ ಮಾತು ಇದೇ ಇರುತ್ತಿತ್ತೇ? ಇರಬೇಕು ಅಂತ ನನ್ನ ಆಸೆ. ಸಮಂತಭದ್ರರ ಮಾತನ್ನು ನಾನು ಬಿಟ್ಟಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಫೋನ್ ಮಾಡಿ 'ಕಬ್ಬು ಹೋತು' ಅನ್ನಬೇಕಿಲ್ಲ. ಹೊತ್ತು ನೋಡಿ ಹೇಳುವುದು ಬೇರೆ, ಹೇಳದೇ ಮುಗಿಸಿಬಿಡುವುದು ಬೇರೆ.

ಈಗಲೂ ಅವ್ವ ಅದೇ ಕೇಳುತ್ತಾಳೆ, 'ಊಟಾ ಆತೇನು?' ಕೆಲವು ದಿನ ಅವನು 'ಇನ್ನಾ ಇಲ್ಲವ್ವಾ, ಬ್ಯಾಸರಾಗೇತಿ' ಅಂತಾನೆ. ಅಂಥ ದಿನ ಫೋನು ಜಲ್ದಿ ಇಡುವುದಿಲ್ಲ.